ಭಂಗಿ ಎಲೆಯ ಔಷಧ ಎಣ್ಣೆ: ತೆರೆದ ಸೀಸೆ ಕೆಡದಂತೆ ಇಡುವುದು ಹೇಗೆ?

ಕೋಡಿಬಾಗದ ನಮ್ಮ ಅತ್ತೆಗೆ ಮಂಡಿನೋವು. ಆಯುರ್ವೇದ ವೈದ್ಯರು ಭಂಗಿ, ಅಂದರೆ ಗಾಂಜಾ ಗಿಡದ ಎಲೆಯ ಎಣ್ಣೆಯನ್ನು ಹನಿ ಲೆಕ್ಕದಲ್ಲಿ ಸೇವಿಸಲು ಬರೆದುಕೊಟ್ಟರು. ಅತ್ತೆ ಸೀಸೆಯನ್ನು ಪಶ್ಚಿಮದ ಕಿಟಕಿಯಲ್ಲಿ, ತಲೆಗೆ ಹಚ್ಚುವ ಎಣ್ಣೆಯ ಪಕ್ಕ ಇಟ್ಟರು. ಎರಡು ತಿಂಗಳಾದ ಮೇಲೆ, 'ಇದರಲ್ಲಿ ಏನೂ ಇಲ್ಲ ಮಾರಾಯ' ಎಂದರು. ಇದೇ ತಪ್ಪನ್ನು ಇನ್ನೂ ಎರಡು ಮನೆಯಲ್ಲಿ ನೋಡಿದ್ದೇನೆ.

ಮೊದಲು ಲೇಬಲ್ ಓದಿ. ಲೈಸೆನ್ಸ್ ನಂಬರ್, ಅವಧಿ, ವೈದ್ಯರ ಉಸ್ತುವಾರಿಯಲ್ಲೇ ಸೇವಿಸಬೇಕೆಂಬ ಎಚ್ಚರಿಕೆ, ಮೂರೂ ಇರಬೇಕು. ಗೋಕರ್ಣದ ಬೀಚಿನಲ್ಲಿ ಯಾರೋ ಕೊಟ್ಟ ಸೀಸೆ ಬೇಡವೇ ಬೇಡ. ಬೀಜದ ಎಣ್ಣೆಯೂ ಇದಕ್ಕೆ ಬದಲಿಯಲ್ಲ. ಗಿಡದ ಮದ್ದಿನ ಅಂಶ ಕೂರುವುದು ಅಂಟು ಸುರಿಸುವ ಸಣ್ಣ ಗ್ರಂಥಿಗಳಲ್ಲಿ. ಅವು ಹೆಣ್ಣು ಹೂವಿನಲ್ಲಿ ದಟ್ಟ, ಎಲೆಯಲ್ಲಿ ಕಡಿಮೆ, ಬೀಜದೊಳಗೆ ಇಲ್ಲವೇ ಇಲ್ಲ. 1985ರ ಮಾದಕ ವಸ್ತು ಕಾಯ್ದೆ ಗಾಂಜಾ ಎನ್ನುವುದೂ ಆ ಹೂವಿನ ತುದಿಯನ್ನೇ.

ಕಂದು ಗಾಜಿನ ಸೀಸೆಯನ್ನೇ ಕೊಳ್ಳಿ. ದೊಡ್ಡದು ಅಗ್ಗ ನಿಜ, ಆದರೆ ನಾನಂತೂ 10 ಎಂ.ಎಲ್.ನದ್ದನ್ನೇ ತರುತ್ತೇನೆ. ಅರ್ಧ ಖಾಲಿಯಾದ ದೊಡ್ಡ ಸೀಸೆಯಲ್ಲಿ ಗಾಳಿಯೇ ಜಾಸ್ತಿ ಅಲ್ವಾ?

ಬೆಳಕು ಎಲ್ಲಕ್ಕಿಂತ ಕೆಟ್ಟದ್ದು. 1976ರಲ್ಲಿ ಸಂಶೋಧಕ ಫೇರ್‌ಬೇರ್ನ್ ಮತ್ತು ಜೊತೆಗಾರರು ಗಾಂಜಾ ಸರಕನ್ನು ಇಟ್ಟು ಪರೀಕ್ಷಿಸಿದಾಗ ಕಂಡದ್ದೂ ಇದನ್ನೇ. ಗಾಳಿ ತಗುಲಿದರೆ ಟಿಎಚ್‌ಸಿ, ಅಂದರೆ ಈ ಗಿಡದ ಮತ್ತೇರಿಸುವ ಮುಖ್ಯ ಅಂಶ, ಮೆಲ್ಲಗೆ ಸಿಬಿಎನ್ ಎಂಬ ಬೇರೆ ಅಂಶವಾಗುತ್ತದೆ. ಅದಕ್ಕೆ ಮೊದಲಿನ ಜೋರು ಇಲ್ಲ. ಸಿಬಿಎನ್ ಎಷ್ಟಿದೆ ಎಂದು ನೋಡಿ ಸರಕು ಎಷ್ಟು ಹಳತು ಎಂದು ಲ್ಯಾಬಿನವರು ಅಂದಾಜು ಮಾಡುತ್ತಾರೆ.

ಹಾಗಾಗಿ ಲೇಬಲ್ ಬೇಡ ಎನ್ನದಿದ್ದರೆ ಫ್ರಿಜ್‌ನಲ್ಲಿಡಿ. ಬಾಗಿಲಲ್ಲಿ ಬೇಡ, ಒಳಗಡೆ.

ಜನ ಎಡವುವುದು ಸೀಸೆ ತೆರೆಯುವಾಗ. ಜುಲೈನ ಕಾರವಾರದಲ್ಲಿ ಫ್ರಿಜ್‌ನಿಂದ ತೆಗೆದ ಸೀಸೆ ನಿಮಿಷದಲ್ಲೇ ಬೆವರುತ್ತದೆ. ಆಗಲೇ ಮುಚ್ಚಳ ತಿರುಗಿಸಿದರೆ ಕಂಠದ ನೀರು ಒಳಗಿಳಿಯುತ್ತದೆ, ತಣ್ಣನೆಯ ಒಳಮೈಗೂ ತೇವ ಹಿಡಿಯುತ್ತದೆ. ಮುಚ್ಚಿಟ್ಟೇ ಅರ್ಧ ಗಂಟೆ ಬಿಡಿ. ಬೆವರು ಒಣಗಿದ ಮೇಲೆ ಕಂಠವನ್ನು ಒಣ ಬಟ್ಟೆಯಲ್ಲಿ ಸುತ್ತಲೂ ಒರೆಸಿ. ಈಗ ತೆರೆಯಿರಿ. ಡ್ರಾಪರ್ ನಾಲಿಗೆಗೆ ತಾಗಬಾರದು. ಚಮಚಕ್ಕೆ ಎಣಿಸಿ ಹಾಕಿ, ಉಳಿದ ಎಣ್ಣೆಯನ್ನು ಪೂರ್ತಿ ಒತ್ತಿ ಒಳಗೇ ಬಿಡಿ. ಡ್ರಾಪರಿನ ರಬ್ಬರ್ ಮದ್ದಿನ ಅಂಶಗಳನ್ನು ಹೀರಿಕೊಳ್ಳುತ್ತದೆ. ಸೀಸೆಯನ್ನು ಮಲಗಿಸಿ ಇಡಬಾರದು ಎನ್ನುವುದೂ ಅದಕ್ಕೇ. ಮುಚ್ಚಳ ಬಿಗಿಯಾಗುವವರೆಗೆ ಫೋನ್ ಎತ್ತಬೇಡಿ, ಸುಮ್ನೆ ಹೇಳುತ್ತಿಲ್ಲ.

ತೆಂಗಿನೆಣ್ಣೆಯಲ್ಲಿ ಮಾಡಿದ್ದಾದರೆ ಗಟ್ಟಿಯಾಗಿರುತ್ತದೆ. ಅಂಗೈಯಲ್ಲಿ ಹಿಡಿದು ಪೂರ್ತಿ ಕರಗಿಸಿ, ಅಲುಗಾಡಿಸಿ. ಗ್ಯಾಸ್ ಮೇಲೆ ಇಡಬೇಡಿ. ಗಿಡದಲ್ಲಿ ಟಿಎಚ್‌ಸಿ ಆಮ್ಲದ ರೂಪದಲ್ಲಿರುತ್ತದೆ, ಕಾಯಿಸಿದರೆ ರೂಪ ಬದಲಿಸಿ ಮತ್ತೇರಿಸುವಂತಾಗುತ್ತದೆ. ಎಷ್ಟು ಕಾಯಿಸಬೇಕೋ ತಯಾರಿಸಿದವರು ಕಾಯಿಸಿದ್ದಾರೆ. ನೀವು ಮತ್ತೆ ಕಾಯಿಸಿದರೆ ವೈದ್ಯರು ಹೇಳಿದ ಹನಿಯ ಲೆಕ್ಕ ತಪ್ಪುತ್ತದೆ.

ತೆರೆದ ದಿನಾಂಕವನ್ನು ಸೀಸೆಯ ಮೇಲೆಯೇ ಬರೆಯಿರಿ. ಕಮಟು ವಾಸನೆ ಬಂದರೆ ಉಳಿತಾಯ ನೋಡಬೇಡಿ, ಎಸೆಯಿರಿ. ಮಕ್ಕಳ ಕೈಗೆ ಸಿಗದಂತೆ ಅತ್ತೆ ಈಗ ಹೊಸ ಸೀಸೆಯನ್ನು ಬೀಗ ಹಾಕುವ ಸ್ಟೀಲ್ ಡಬ್ಬಿಯಲ್ಲಿಟ್ಟು, ಫ್ರಿಜ್‌ನಲ್ಲಿ ಅಪ್ಪೆಮಿಡಿ ಭರಣಿಯ ಹಿಂದೆ ತಳ್ಳಿದ್ದಾರೆ.