ಮೂಡಿಗೆರೆ ಮಳೆಯಲ್ಲಿ ಪಿಯಾನೊ ಉಳಿಸಿಕೊಂಡಿದ್ದು

ಕಳೆದ ಆಗಸ್ಟ್‌ನಲ್ಲಿ ನಮ್ಮ ಮನೆ ಹಾಲಿನಲ್ಲೇ ಒಂದೂಕಾಲು ಗಂಟೆ ಕಛೇರಿ ಕೊಟ್ಟೆ. ಹೊರಗೆ ಆಶ್ಲೇಷಾ ಮಳೆ, ಒಳಗೆ ನಲವತ್ತು ಜನ. ಪಿಯಾನೊದ 88 ಕೀಗಳಲ್ಲಿ ಒಂದೂ ತೇವಕ್ಕೆ ಅಂಟಲಿಲ್ಲ. "ಮಲೆನಾಡಲ್ಲಿ ಮರದ ಪಿಯಾನೊ ಆಗಲ್ಲ, ಡಿಜಿಟಲ್ ತಗೊಂಡು ಸುಮ್ನೆ ಇರಿ" ಅಂದವರಿಗೆಲ್ಲ ಫೋನ್ ಮಾಡಿ ಕರೆದಿದ್ದೆ. ಇಬ್ಬರು ಬಂದಿದ್ದರು.

ನಾನು ಬೆಂಗಳೂರಿನಲ್ಲಿ ಹದಿನೇಳು ವರ್ಷ ನುಡಿಸಿದವನು. ಅಪ್ಪನಿಗೆ ಕೈಲಾಗದೆ ಹೋದಾಗ ತೋಟಕ್ಕೆ ವಾಪಸ್ ಬಂದೆ. ಈಗಲೂ ವರ್ಷಕ್ಕೆ ಏಳೆಂಟು ಕಛೇರಿ ಇರುತ್ತದೆ. ಒಂದಕ್ಕೆ ಹದಿನೈದರಿಂದ ಮೂವತ್ತು ಸಾವಿರ. ಅದರಲ್ಲಿ ಹೊಟ್ಟೆ ತುಂಬಲ್ಲ, ಕಾಫಿ ಇದೆ ಅಂತ ಬದುಕಿದ್ದೇನೆ. ಆದರೆ ದಿನಕ್ಕೆ ನಾಲ್ಕು ಗಂಟೆ ತಂತಿಗೆ ಬಡಿಯುವ ನಿಜವಾದ ಹ್ಯಾಮರಿನ ಭಾರ ಬೆರಳಿಗೆ ಸಿಗದಿದ್ದರೆ ವೇದಿಕೆಯಲ್ಲಿ ಬಣ್ಣ ಬಯಲಾಗುತ್ತದೆ. ಒಂದು ವರ್ಷ ಡಿಜಿಟಲ್‌ನಲ್ಲೇ ಸಾಧನೆ ಮಾಡಿ ನೋಡಿದೆ. ಮೆತ್ತಗೆ ನುಡಿಸುವುದೇ ಕೈ ಬಿಟ್ಟು ಹೋಯಿತು.

ಹಳೇ ಜಪಾನಿ ಅಪ್‌ರೈಟ್ (ಗೋಡೆಗೆ ಒರಗಿಸಿ ಇಡುವ ನಿಲುವು ಪಿಯಾನೊ) ಒಂದು 1,60,000ದ ಆಸುಪಾಸಿಗೆ ಸಿಕ್ಕಿತು. ಲಾರಿ, ಆಳು ಸೇರಿ ಇನ್ನೊಂದು 18,000. ಬಂದಿದ್ದು ಫೆಬ್ರವರಿಯಲ್ಲಿ. ಮೇ ತಿಂಗಳವರೆಗೆ ಸ್ವರ್ಗ.

ಜುಲೈನಲ್ಲಿ ನಾಲ್ಕು ಜನ ಸ್ನೇಹಿತರನ್ನು ಕೂರಿಸಿಕೊಂಡು ಶೋಪ್ಯಾನ್‌ನ ಮಳೆಹನಿ ಪ್ರೆಲ್ಯೂಡ್ ಶುರು ಮಾಡಿದೆ, ಓಪಸ್ 28ರ 15ನೆಯದು. ಅದರಲ್ಲಿ ಎ ಫ್ಲಾಟ್ ಅನ್ನುವ ಸ್ವರ ಮಳೆಹನಿ ಹಾಗೆ ಒಂದೇ ಸಮ ತೊಟ್ಟಿಕ್ಕುತ್ತಿರಬೇಕು ಅಲ್ವಾ? ಎಡಗೈಯ ಆ ಕೀ ಎರಡನೇ ಸಾಲಿನಲ್ಲೇ ಕೆಳಗೆ ಹೋಗಿದ್ದು ಮೇಲೆ ಬರಲಿಲ್ಲ. ಮಧ್ಯದ ಸಿ ಶಾರ್ಪ್ ಮೈನರ್ ಭಾಗದಲ್ಲಿ ಅದೇ ಕೀ ಜಿ ಶಾರ್ಪ್ ಅನ್ನುವ ಹೆಸರಲ್ಲಿ ಮತ್ತೆ ಬರುತ್ತದೆ. ಅಷ್ಟು ದೂರ ಹೋಗಲೇ ಇಲ್ಲ, ಮುಚ್ಚಳ ಹಾಕಿ ಕಾಫಿ ಕೊಟ್ಟೆ. ಶೋಪ್ಯಾನ್ 1838-39ರ ಚಳಿಗಾಲ ಮಯೋರ್ಕಾ ದ್ವೀಪದಲ್ಲಿ ಮಳೆಗೆ ಕೆಮ್ಮುತ್ತ ಕೂತಿದ್ದ. ಪ್ಯಾರಿಸ್‌ನಿಂದ ಹೊರಟ ಪಿಯಾನೊ ಕಸ್ಟಮ್ಸ್‌ನಲ್ಲಿ ಸಿಕ್ಕಿಕೊಂಡಿತ್ತು. ಅವನ ಕಷ್ಟ ನನಗೆ ಅರ್ಥವಾಗಿದ್ದು ಆವತ್ತು.

ಆಮೇಲೆ ಮಾಡಿದ ತಪ್ಪುಗಳು ಒಂದೆರಡಲ್ಲ. ಅಂಟಿದ ಕೀ ಸಡಿಲವಾಗಲಿ ಅಂತ ಇಕ್ಕಳದಲ್ಲಿ ಕೀ ಬುಷಿಂಗ್ (ಕೀ ತೂತಿನ ಬಟ್ಟೆಯ ಒಳಪದರ) ಜಾಸ್ತಿ ಒತ್ತಿಬಿಟ್ಟೆ. ಮಳೆಗಾಲದಲ್ಲಿ ಚೆನ್ನಾಗಿತ್ತು, ಜನವರಿಯಲ್ಲಿ ಹಲ್ಲು ಕಟಕಟ ಅಂದ ಹಾಗೆ ಶಬ್ದ. ಹ್ಯಾಮರ್ ವಾಪಸ್ ಬರಲಿ ಅಂತ ಅದು ತಿರುಗುವ ಸಣ್ಣ ಕಡ್ಡಿ, ಸೆಂಟರ್ ಪಿನ್‌ಗೆ ಸ್ಪ್ರೇ ಎಣ್ಣೆ ಹೊಡೆದೆ. ಮೂರು ವಾರಕ್ಕೆ ಅಂಟಾಗಿ ಕೂತಿತು. ಬಿಚ್ಚಿ ಹೊಸ ಬುಷಿಂಗ್ ಹಾಕಿಸಲು 22,000 ಹೋಯಿತು. ಸಿಲಿಕಾ ಜೆಲ್ ಮೂರು ಕೆಜಿ ತಂದು ತವಾದ ಮೇಲೆ ಹುರಿದು ಹುರಿದು ಇಟ್ಟೆ, ಎರಡೇ ದಿನಕ್ಕೆ ನೀರು ಕುಡಿದು ಮಲಗುತ್ತಿತ್ತು. ಇದ್ದಿಲನ್ನೂ ನೋಡಿದೆ, ಅಕ್ಕಿ ಗಂಟನ್ನೂ ನೋಡಿದೆ. ಅಕ್ಕಿಗೆ ಇಲಿ ಬಂತು, ಇಲಿಗೆ ಪಿಯಾನೊ ಒಳಗಿನ ಫೆಲ್ಟ್ (ಉಣ್ಣೆ ಬಟ್ಟೆ) ರುಚಿ ಹತ್ತಿತು. ಈಗ ಬಜೆ ಬೇರಿನ ಚೂರು ಇಡುತ್ತೇನೆ. ನುಸಿ ಸುಳಿದಿಲ್ಲ. ಇಲಿಗೆ ಬೆಕ್ಕೇ ಗತಿ.

ತೇವ ಆರಲಿ ಅಂತ ಪಿಯಾನೊ ಒಳಗೆ, ಕೆಳಗೆ ಪೆಡಲ್ ಹತ್ತಿರ 40 ವ್ಯಾಟ್ ಬಲ್ಬ್ ಉರಿಸುವುದುಂಟು. ಎಲ್‌ಇಡಿ ಬಿಸಿಯಾಗಲ್ಲ, ತಂತಿ ಬಲ್ಬ್ ಈಗ ಸುಲಭಕ್ಕೆ ಸಿಗಲ್ಲ. ಕೋಳಿಮರಿ ಸಾಕುವವರ ಅಂಗಡಿಯಲ್ಲಿ ಕೇಳಿ. ನಾನು ಅದನ್ನು ಹಗಲು ರಾತ್ರಿ ಉರಿಸಿ, ಮಾರ್ಚ್‌ನಲ್ಲೂ ಆರಿಸಲು ಮರೆತು, ಸೌಂಡ್‌ಬೋರ್ಡ್‌ನಲ್ಲಿ (ತಂತಿಯ ನಾದ ದೊಡ್ಡದು ಮಾಡುವ ಮರದ ಹಲಗೆ) ಒಂದು ಗೇಣು ಬಿರುಕು ಬಿಡಿಸಿಕೊಂಡೆ.

ಬುದ್ಧಿ ಬಂದಿದ್ದು ಕಣದಲ್ಲಿ. ಪಾರ್ಚ್‌ಮೆಂಟ್ ಕಾಫಿಯನ್ನು (ಹಣ್ಣಿನ ತಿರುಳು ತೆಗೆದು ಒಳಸಿಪ್ಪೆ ಉಳಿಸಿದ ಬೀಜ) ನಾವು ಒಂದೇ ದಿನ ಉರಿಬಿಸಿಲಿಗೆ ಕೊಡಲ್ಲ, ಸಿಪ್ಪೆ ಸಿಡಿಯುತ್ತದೆ. ಕೈಯಾಡಿಸಿ, ಸಂಜೆ ಮುಚ್ಚಿ, ನಿಧಾನಕ್ಕೆ ಒಣಗಿಸುತ್ತೇವೆ. ಮರಕ್ಕೂ ಅದೇ ಮಾಡೋಣ ಅನ್ನಿಸಿತು. ಪುಸ್ತಕದವರು ಹೇಳುವ 45 ಪರ್ಸೆಂಟ್ ತೇವದ ಆಸೆ ಬಿಟ್ಟೆ. ವರ್ಷಪೂರ್ತಿ 60ರ ಹತ್ತಿರ ನಿಲ್ಲಿಸಿದೆ. ಮಳೆಗೋಡೆಯಿಂದ ತೆಗೆದು ಅಡುಗೆಮನೆ ಪಕ್ಕದ ಒಳಗೋಡೆಗೆ ಇಟ್ಟೆ. ತೇವ ಅಳೆದು ಕರೆಂಟ್ ಕೊಡುವ ಹ್ಯುಮಿಡಿಸ್ಟ್ಯಾಟ್ ಹಾಕಿದ ಮೇಲೆ ಬಲ್ಬ್ ತಾನೇ ಹತ್ತಿ ತಾನೇ ಆರುತ್ತದೆ. ಗಾಳಿಯ ತೇವ ಹೀರಲು ಕೋಣೆಗೊಂದು ಡಿಹ್ಯುಮಿಡಿಫೈಯರ್, 26,000 ಇರಬೇಕು. ಕರೆಂಟ್ ಮೂರು ದಿನ ಇಲ್ಲದಾಗ ಏನು ಮಾಡುತ್ತೇನೆ ಅನ್ನುವುದನ್ನು ಮಾತ್ರ ಹೇಳಲ್ಲ. ಅದಕ್ಕೆ ಎರಡು ಮಳೆಗಾಲ ತೆತ್ತಿದ್ದೇನೆ.

ಟ್ಯೂನರ್ ಬೆಂಗಳೂರಿನಿಂದ ಬಂದರೆ ಖರ್ಚೆಲ್ಲ ಸೇರಿ ಒಂಬತ್ತು ಸಾವಿರ, ವರ್ಷಕ್ಕೆ ನಾಲ್ಕು ಸಲ. ನಾನೇ ಕಲಿತೆ. ಸುಮಾರು 220 ತಂತಿ, ಮೊದಲ ಸಲ ಮೂರು ದಿನ ಹಿಡಿಯಿತು, ಎರಡು ತಂತಿ ಕಡಿದವು. ಈಗ ಬೆಳಿಗ್ಗೆ ಕೂತರೆ ಮಧ್ಯಾಹ್ನದ ಊಟಕ್ಕೆ ಮುಗಿಯುತ್ತದೆ. ಮಳೆಗಾಲದಲ್ಲಿ ಬೋರ್ಡ್ ಉಬ್ಬಿ ಮಧ್ಯದ ಸ್ವರಗಳು ಏರುತ್ತವೆ. ಅದನ್ನು 440ಕ್ಕೆ (ಮಧ್ಯದ ಎ ಸ್ವರಕ್ಕೆ ಸೆಕೆಂಡಿಗೆ 440 ಕಂಪನ, ಅದೇ ರೂಢಿಯ ಶ್ರುತಿ) ಎಳೆದು ಕೂರಿಸಲು ಹೋಗಬೇಡಿ. ನಾನು 442ಕ್ಕೆ ಬಿಟ್ಟು ಉಳಿದದ್ದನ್ನು ಅದಕ್ಕೆ ಹೊಂದಿಸುತ್ತೇನೆ. ಬೇಸಗೆಯಲ್ಲಿ 439. ಒಬ್ಬನೇ ನುಡಿಸುವಾಗ ಯಾರಿಗೆ ಗೊತ್ತಾಗುತ್ತದೆ? ಕೊಳಲಿನವರು ಬಂದಾಗ ಮಾತ್ರ ಮುಖ ಸಿಂಡರಿಸಿದರು.

ಆಗಸ್ಟ್ ಕಛೇರಿಗೆ ಬಾಖ್, ಬೆಥೋವನ್‌ನ ಪಥೆಟೀಕ್, ಅದೇ ಪ್ರೆಲ್ಯೂಡ್, ಕೊನೆಗೆ ರಷ್ಯಾದ ಸಂಗೀತಗಾರ ಮೆಟ್ನರ್‌ನ ಒಂದು ಚಿಕ್ಕ ಕೃತಿ. ಮೆಟ್ನರ್ ಅಂದರೆ ನಮ್ಮೂರವರಿಗೆ ಯಾರೋ. ಆದರೆ ಪಿಯಾನೊ ಕಲಿತಿದ್ದ ನಮ್ಮ ಜಯಚಾಮರಾಜೇಂದ್ರ ಒಡೆಯರ್ ಅವರೇ ಅವನ ರೆಕಾರ್ಡಿಂಗ್‌ಗಳಿಗೆ ದುಡ್ಡು ಕೊಟ್ಟವರು, ತನ್ನ 3ನೇ ಪಿಯಾನೊ ಕನ್ಚೆರ್ಟೊವನ್ನು (ಆರ್ಕೆಸ್ಟ್ರಾ ಜೊತೆ ನುಡಿಸುವ ದೊಡ್ಡ ಕೃತಿ) ಅವನು ಅವರಿಗೇ ಅರ್ಪಿಸಿದ ಅಂತ ಹೇಳಿದ ಮೇಲೆ ಹಿಂದಿನ ಸಾಲಿನವರೂ ಬೆನ್ನು ನೆಟ್ಟಗೆ ಮಾಡಿ ಕೂತರು. ಎ ಫ್ಲಾಟ್ ಕೊನೆಯ ಹನಿವರೆಗೂ ಬಿತ್ತು.

ಕರೆಂಟ್ ಬಿಲ್ ಮಳೆ ತಿಂಗಳಲ್ಲಿ ಏಳೆಂಟು ನೂರು ಜಾಸ್ತಿ ಬರುತ್ತದೆ. ಬೇಸ್ ತಂತಿಗಳ ದನಿ ಮಂಕಾಗಿದೆ, ಹೊಸ ಸೆಟ್‌ಗೆ ಇಪ್ಪತ್ತೈದು ಸಾವಿರ ಕೇಳುತ್ತಿದ್ದಾರೆ. ಈ ಸಲದ ಮೆಣಸಿನ ದುಡ್ಡು ಅಲ್ಲಿಗೇ. ಮನೆಯಲ್ಲಿ ಇನ್ನೂ ಹೇಳಿಲ್ಲ.