ಏಲಕ್ಕಿ ಬಾಳೆ, ಎಳನೀರು, ಅರ್ಧ ಚಮಚ ಮಾಚಾ

ಸಕ್ಕರೆ ಹಾಕದೆ ಮಾಚಾ ತಿಂಡಿ ಮಾಡಬೇಕೆಂದರೆ ಅರ್ಧ ಕೆಲಸ ಹಣ್ಣಿನ ಅಂಗಡಿಯಲ್ಲೇ ಮುಗಿಯುತ್ತದೆ. ಮಾಚಾ ಅಂದರೆ ಹಸಿರು ಚಹಾ ಎಲೆಯ ನುಣ್ಣನೆ ಪುಡಿ. ಅದು ಕಹಿ, ಜೊತೆಗೆ ಸ್ವಲ್ಪ ಒಗರು. ಆ ಕಹಿಗೆ ಸಮ ನಿಲ್ಲುವ ಸಿಹಿ ಹಣ್ಣಿನಲ್ಲೇ ಇರಬೇಕು. ಗಾಂಧಿ ಬಜಾರಿನಲ್ಲಿ ನಾನು ಕೇಳುವುದೇ "ಚುಕ್ಕೆ ಬಿದ್ದಿರೋ ಏಲಕ್ಕಿ ಬಾಳೆ ಇದ್ರೆ ಕೊಡಿ" ಅಂತ. ಸಿಪ್ಪೆ ತೆಳ್ಳಗಾಗಿ ಕಪ್ಪು ಚುಕ್ಕೆ ಬಂದ ಮೇಲೆಯೇ ಆ ಹಣ್ಣಿಗೆ ಪೂರ್ತಿ ಸಿಹಿ. ದೋರೆಗಾಯಿ ಬೇಡವೇ ಬೇಡ. ಕಾಯಿಯ ಒಗರಿಗೆ ಮಾಚಾದ ಒಗರು ಸೇರಿದರೆ ನಾಲಿಗೆ ಹಿಡಿದುಕೊಳ್ಳುತ್ತದೆ. ಇನ್ನೊಂದು ವಿಷಯ: ತಣ್ಣಗಾದಷ್ಟೂ ನಾಲಿಗೆಗೆ ಸಿಹಿ ಕಡಿಮೆ ಗೊತ್ತಾಗುತ್ತದೆ. ಹಾಗಾಗಿ ಸುಮ್ನೆ ತಿನ್ನಲು ಅತಿ ಹಣ್ಣಾಯಿತು ಅನಿಸುವುದೇ ಫ್ರೀಜರ್‌ಗೆ ಸರಿ.

ಮಾಚಾ ಕೊಳ್ಳುವಾಗ ಪ್ಯಾಕೆಟ್ ಹಿಂದೆ ತಿರುಗಿಸಿ ಓದಿ. ಲಾಟೆಗೆ, ಅಂದರೆ ಹಾಲು ಬೆರೆಸಿ ಕುಡಿಯಲು ಅಂತ ಮಾರುವ ಎಷ್ಟೋ ಪುಡಿಗಳಲ್ಲಿ ಸಕ್ಕರೆಯೇ ಮೊದಲು ಇರುತ್ತದೆ. ನಮಗೆ ಬೇಕಿರುವುದು ಬರೀ ಚಹಾ ಎಲೆಯ ಪುಡಿ. ಜಪಾನಿನಲ್ಲಿ ಕೊಯ್ಲಿಗೆ ಕೆಲವು ವಾರ ಮುಂಚೆಯೇ ಚಹಾ ಗಿಡಕ್ಕೆ ನೆರಳು ಕಟ್ಟುತ್ತಾರೆ. ಅದರಿಂದ ಎಲೆಗೆ ಆ ಗಾಢ ಹಸಿರು ಬರುತ್ತದೆ. ಆಮೇಲೆ ಎಲೆಯನ್ನು ಹಬೆಯಲ್ಲಿ ಬಾಡಿಸಿ, ಒಣಗಿಸಿ, ದೇಟು ನರ ತೆಗೆದು ಬೀಸುತ್ತಾರೆ. ಪುಡಿ ಹಳದಿಗೆ ತಿರುಗಿದ್ದರೆ ಅದು ಹಳೆಯದು ಅಥವಾ ಕೀಳು ದರ್ಜೆಯದು. ತೀರಾ ದುಬಾರಿ ಡಬ್ಬಿಯೂ ಬೇಡ. ಅದರ ಸೂಕ್ಷ್ಮ ರುಚಿಯೆಲ್ಲ ಬಾಳೆಹಣ್ಣಿನ ಮುಂದೆ ಕಾಣುವುದೇ ಇಲ್ಲ. ತೆರೆದ ಡಬ್ಬಿಯನ್ನು ಬಿಗಿಯಾಗಿ ಮುಚ್ಚಿ ಫ್ರಿಜ್ಜಿನಲ್ಲಿಡುತ್ತೇನೆ. ಹೊರಗೆ ತೆಗೆದ ತಕ್ಷಣ ಮುಚ್ಚಳ ತೆಗೆಯುವುದಿಲ್ಲ. ನಮ್ಮ ಮಳೆಗಾಲದ ಗಾಳಿಗೆ ತಣ್ಣನೆ ಪುಡಿ ಪಸೆ ಹಿಡಿದು ಗಂಟಾಗುತ್ತದೆ.

ನಮ್ಮನೆಯಲ್ಲಿ ಜಾಸ್ತಿ ಆಗುವುದು ಬಾಳೆಹಣ್ಣಿನ ಐಸ್‌ಕ್ರೀಮ್. ಎಂಟು ಏಲಕ್ಕಿ ಬಾಳೆ ಸುಲಿದು, ಬಿಲ್ಲೆ ಮಾಡಿ, ತಟ್ಟೆಯಲ್ಲಿ ಒಂದಕ್ಕೊಂದು ತಾಗದಂತೆ ಹರಡಿ ರಾತ್ರಿಯಿಡೀ ಫ್ರೀಜರ್‌ನಲ್ಲಿಡಿ. ಬೆಳಗ್ಗೆ ಅರ್ಧ ಟೀ ಚಮಚ ಮಾಚಾವನ್ನು ಟೀ ಸೋಸುವ ಜರಡಿಯಲ್ಲಿ ಜಾಲಿಸಿ. ಮೂರು ನಾಲ್ಕು ದೊಡ್ಡ ಚಮಚ ಗಟ್ಟಿ ತೆಂಗಿನ ಹಾಲಿಗೆ ಹಾಕಿ ಕದಡಿ. ಒಂದೇ ಒಂದು ಚಿಟಿಕೆ ಉಪ್ಪು ಹಾಕಿ. ಉಪ್ಪು ಕಹಿಯನ್ನು ತಗ್ಗಿಸುತ್ತದೆ, ತೆಂಗಿನ ಜಿಡ್ಡು ಒಗರನ್ನು ಮೆತ್ತಗೆ ಮಾಡುತ್ತದೆ. ಇದನ್ನೂ ಹೆಪ್ಪುಗಟ್ಟಿದ ಬಿಲ್ಲೆಗಳನ್ನೂ ಚಟ್ನಿ ಜಾರಿಗೆ ಹಾಕಿ ಬಿಟ್ಟು ಬಿಟ್ಟು ತಿರುಗಿಸಿ. ಮೊದಲು ರವೆ ರವೆಯಾಗುತ್ತದೆ. ಅಲ್ಲಿಗೇ ನಿಲ್ಲಿಸಬೇಡಿ, ಅಂಚು ಕೆರೆದು ಮತ್ತೆ ತಿರುಗಿಸಿದರೆ ಒಮ್ಮೆಲೇ ನುಣ್ಣಗಾಗುತ್ತದೆ. ಒಂದೇ ಸಮನೆ ಓಡಿಸಿದರೆ ಮಿಕ್ಸಿ ಬಿಸಿಯಾಗಿ ಎಲ್ಲ ಕರಗಿಬಿಡುತ್ತದೆ. ಕರಗಿದ್ದನ್ನು ಮತ್ತೆ ಫ್ರೀಜರ್‌ಗೆ ಹಾಕಿದರೆ ಐಸ್ ಹರಳು ಬರುತ್ತದೆ. ಆದ್ದರಿಂದ ಕರೆಂಟ್ ಹೋಗಿ ಬರುವ ದಿನ ನಾನು ಇದನ್ನು ಮಾಡಲು ಹೋಗುವುದಿಲ್ಲ.

ಅತ್ತೆ ಮೊದಲ ಸಲ ಬಟ್ಟಲು ನೋಡಿ "ಇದೇನಮ್ಮ, ಕೆರೆ ಪಾಚಿ ತಂದು ಹಾಕಿದ್ದೀಯಾ?" ಅಂದರು. ತಿಂದರು, ಚೆನ್ನಾಗಿದೆ ಅಂತ ಮಾತ್ರ ಇವತ್ತಿಗೂ ಹೇಳಿಲ್ಲ. ಬಟ್ಟಲು ಖಾಲಿ ಆಗುತ್ತದೆ, ಅಷ್ಟೇ.

ಅವರಿಗೆ ನಿಜವಾಗಿ ಹಿಡಿಸಿದ್ದು ಎಳನೀರಿನ ಜೆಲ್ಲಿ. ಎರಡು ಕಪ್ ಎಳನೀರಿನಲ್ಲಿ ಒಂದು ಕಪ್ಪಿಗೆ ಒಂದೂವರೆ ಟೀ ಚಮಚ ಅಗರ್ ಅಗರ್ ಪುಡಿ ಹಾಕಿ ಎರಡು ನಿಮಿಷ ಚೆನ್ನಾಗಿ ಕುದಿಸಬೇಕು. ಅದು ಕಡಲ ಪಾಚಿಯಿಂದ ಬರುವ ವಸ್ತು, ಅಂದರೆ ಪಾಚಿ ಅಂತ ಅತ್ತೆ ಅಂದದ್ದು ಇಲ್ಲಿ ನಿಜ! ಒಲೆ ಆರಿಸಿ ಉಳಿದ ಎಳನೀರು ಸೇರಿಸಿ. ಅದು ಫ್ರಿಜ್ಜಿನದಾಗಿರಬಾರದು, ಅಲ್ಲಲ್ಲೇ ಗಂಟು ಕಟ್ಟುತ್ತದೆ. ಮಾಚಾ ಹಾಕುವುದು ಇದಾದ ಮೇಲೆ. ಕುದಿಸಿದರೆ ಹಸಿರು ಹೋಗಿ ಕಂದು ಬರುತ್ತದೆ, ಕಹಿಯೂ ಏರುತ್ತದೆ. ಮಾಚಾ ನೀರಲ್ಲಿ ಕರಗುವ ವಸ್ತುವಲ್ಲ, ತಳಕ್ಕೆ ಇಳಿಯುತ್ತದೆ. ಅದಕ್ಕೇ ಸ್ವಲ್ಪ ಮಂದವಾಗುವ ತನಕ ಕದಡುತ್ತಲೇ ಇದ್ದು, ಆಮೇಲೆ ಎಳೆಗಾಯಿಯ ಗಂಜಿ ಚೂರು ಹಾಕಿದ ಬಟ್ಟಲಿಗೆ ಸುರಿಯುತ್ತೇನೆ. ಹೊರಗಿಟ್ಟರೂ ಗಟ್ಟಿಯಾಗುತ್ತದೆ.

ಮಾವಿನ ಕಾಲದಲ್ಲಿ ಐಸ್ ಕ್ಯಾಂಡಿ ಮಾಡುತ್ತೇನೆ: ಬಾದಾಮಿ ಅಥವಾ ರಸಪುರಿ ತಿರುಳು ಒಂದು ಪದರ, ಅದು ಫ್ರೀಜರ್‌ನಲ್ಲಿ ಗಟ್ಟಿಯಾದ ಮೇಲೆ ಮಾಚಾ ತೆಂಗಿನ ಹಾಲು ಇನ್ನೊಂದು ಪದರ, ಮಧ್ಯೆ ಐಸ್ ಕಡ್ಡಿ. ಎರಡನ್ನೂ ಒಟ್ಟಿಗೆ ರುಬ್ಬಿದರೆ ಬಣ್ಣ ಕೆಡುತ್ತದೆ. ಅನಾನಸ್, ನಿಂಬೆ ನಾನು ಸೇರಿಸುವುದಿಲ್ಲ, ಹುಳಿಗೆ ಹಸಿರು ಮಂಕಾಗುತ್ತದೆ. ಹಸಿ ಅನಾನಸ್ ಅಥವಾ ಪರಂಗಿಯನ್ನು ಹಸುವಿನ ಹಾಲಿನ ಜೊತೆ ಇಟ್ಟರೆ ಬೇರೆ ಕಹಿಯೇ ಬರುತ್ತದೆ.

ಸಕ್ಕರೆ ಇಲ್ಲ ಅಂದರೆ ಏನು ಅನ್ನುವುದನ್ನೂ ಹೇಳಬೇಕು. ಮೇಲಿಂದ ಹಾಕಿಲ್ಲ, ಅಷ್ಟೇ. ಬಾಳೆ, ಮಾವಿನಲ್ಲಿ ಅದರದ್ದೇ ಸಕ್ಕರೆ ಇದೆ. ಬೆಲ್ಲ, ಜೇನು ಹಾಕಿ ಶುಗರ್ ಫ್ರೀ ಅನ್ನುವುದಂತೂ ನಮ್ಮನ್ನು ನಾವೇ ಸಮಾಧಾನ ಮಾಡಿಕೊಳ್ಳುವ ಮಾತು. ವಿಶ್ವ ಆರೋಗ್ಯ ಸಂಸ್ಥೆಯ 2015ರ ಸಲಹೆಯಲ್ಲಿ ಜೇನು, ಹಣ್ಣಿನ ರಸ ಎರಡೂ ಮಿತಿಯಲ್ಲಿಡಬೇಕಾದ ಸಕ್ಕರೆಯ ಲೆಕ್ಕಕ್ಕೇ ಬರುತ್ತವೆ. ಖರ್ಜೂರದ ಉಂಡೆಯನ್ನೂ ನಾನು ಕೈಬಿಟ್ಟೆ. ಖರ್ಜೂರದ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸಕ್ಕರೆಯೇ. ಅತ್ತೆಗೆ ಶುಗರ್ ಇದೆ, ಅವರ ಬಟ್ಟಲು ಚಿಕ್ಕದು, ಅದೂ ಡಾಕ್ಟರನ್ನು ಕೇಳಿಯೇ.

ಅರ್ಧ ಟೀ ಚಮಚ ಅಂದರೆ ಸುಮಾರು ಒಂದು ಗ್ರಾಂ ಮಾಚಾ, ಅದರಲ್ಲಿ ಸುಮಾರು 20ರಿಂದ 40 ಮಿಲಿಗ್ರಾಂ ಕೆಫೀನ್. ನಾಲ್ಕು ಜನಕ್ಕೆ ಹಂಚಿದರೆ ಏನೂ ಅಲ್ಲ, ಆದರೂ ಮಕ್ಕಳಿಗೆ ರಾತ್ರಿ ಕೊಡುವುದಿಲ್ಲ. ಊಟವಾದ ಕೂಡಲೇ ಕೂಡ ಬೇಡ. ಸೊಪ್ಪು, ಕಾಳಿನಿಂದ ಮೈಗೆ ಸೇರುವ ಕಬ್ಬಿಣದ ಅಂಶಕ್ಕೆ ಚಹಾ ಅಡ್ಡಿ. ಹೀಗಾಗಿ ನಮ್ಮಲ್ಲಿ ಇದು ಸಂಜೆ ನಾಲ್ಕರ ತಿಂಡಿ. ಅವತ್ತು ಅತ್ತೆಗೆ ಎರಡನೇ ಕಾಫಿ ಇಲ್ಲ, ಅದಕ್ಕೆ ಮಾತ್ರ ಅವರಿಗೆ ನನ್ನ ಮೇಲೆ ಕೋಪ.