ಬಡತನದ ವಿರುದ್ಧ ಕೆಲಸ ಮಾಡಬೇಕೆ? ಹಾಲಿನ ಡೇರಿ ಹತ್ತಿರ ಶುರು ಮಾಡಿ

ಅಕ್ಟೋಬರ್ ಬಂತು ಅಂದರೆ ನಮ್ಮ ಕಡೆ ಕಾಲೇಜು ಹುಡುಗರು ಕೇಳುವ ಪ್ರಶ್ನೆ ಒಂದೇ. "ಅಣ್ಣಾ, ಜಗತ್ತಿನ ಬಡತನದ ಬಗ್ಗೆ ಏನಾದರೂ ಮಾಡೋಣ ಅಂತಿದೀವಿ. ಸಾಗರ ತಾಲ್ಲೂಕಿನಲ್ಲಿ ಕೂತು ಏನ್ ಮಾಡೋಕಾಗುತ್ತೆ?" ತುಂಬಾ ಆಗುತ್ತೆ. ನನಗೆ ಗೊತ್ತಿರುವಷ್ಟನ್ನು ಇಲ್ಲಿ ಬರೆದಿದ್ದೇನೆ.

ಅಕ್ಟೋಬರ್ 17 ಬಡತನ ನಿರ್ಮೂಲನಾ ದಿನ. ಆ ದಿನವೇ ಯಾಕೆ ಅಂತ ಮೊದಲು ತಿಳಿದುಕೊಳ್ಳಿ. 1987ರಲ್ಲಿ ಅದೇ ದಿನ ಪ್ಯಾರಿಸ್‌ನ ಟ್ರೊಕಡೆರೊದಲ್ಲಿ ಸುಮಾರು ಒಂದು ಲಕ್ಷ ಜನ ಸೇರಿದ್ದರು. ಕರೆ ಕೊಟ್ಟವರು ಜೋಸೆಫ್ ವ್ರೆಸಿನ್ಸ್ಕಿ ಎಂಬ ಪಾದ್ರಿ. ಅವರು ತಾವೇ ಕಡುಬಡತನದಲ್ಲಿ ಬೆಳೆದವರು. ಜನ ಬಡತನದಲ್ಲಿ ಬದುಕಬೇಕಾಗಿ ಬಂದರೆ ಅಲ್ಲಿ ಮನುಷ್ಯರ ಹಕ್ಕು ಮುರಿದಿದೆ ಎಂದೇ ಅರ್ಥ ಅಂತ ಅಲ್ಲಿ ಕಲ್ಲಿನ ಮೇಲೆ ಕೆತ್ತಿಸಿದರು. 1992ರಲ್ಲಿ ವಿಶ್ವಸಂಸ್ಥೆ ಈ ದಿನವನ್ನು ಅಧಿಕೃತವಾಗಿ ಘೋಷಿಸಿತು. 2005ರಲ್ಲಿ ಲಕ್ಷಾಂತರ ಯುವಕರು ಕೈಗೆ ಬಿಳಿ ಪಟ್ಟಿ ಕಟ್ಟಿಕೊಂಡು ಬಡದೇಶಗಳ ಸಾಲ ಮನ್ನಾ ಮಾಡಿ ಅಂತ ಬೀದಿಗಿಳಿದರು. ಆ ವರ್ಷ ಜಿ-8 ಅನ್ನೋ ಎಂಟು ದೊಡ್ಡ ದೇಶಗಳ ಗುಂಪಿನವರು 18 ಬಡದೇಶಗಳ ಸಾಲ ಬಿಟ್ಟುಕೊಡೋಕೆ ಒಪ್ಪಿದರು. ಆ ಯುವಕರು ಕೇಳಿದ್ದು ದಾನ ಅಲ್ಲ, ನ್ಯಾಯ.

ಇದು ನಮಗೆ ಹೊಸದೇನೂ ಅಲ್ಲ. 1951ರಲ್ಲಿ ಇಲ್ಲೇ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತರಲ್ಲ, ಅದರಲ್ಲಿ ಒಂದು ದೊಡ್ಡ ತಕರಾರು ಕೊಳಗದ್ದು. ಗೇಣಿ ಭತ್ತ ಅಳೆಯುವಾಗ ಒಡೆಯರು ದೊಡ್ಡ ಕೊಳಗ ಬಳಸುತ್ತಾರೆ ಅನ್ನೋದು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದರು, ಅವರ ಬಂಧನ ಆಯಿತು, ದೇಶವೆಲ್ಲ ಈ ಕಡೆ ನೋಡಿತು. ಎಷ್ಟು ದುಡಿದರೂ ಮನೆಗೆ ಭತ್ತ ಯಾಕೆ ಉಳಿಯಲ್ಲ ಅಂತ ಕೇಳಿದಾಗ ಉತ್ತರ ಅಳತೆಯಲ್ಲಿ ಸಿಕ್ಕಿತು. ಅಭಿಯಾನಕ್ಕೆ ಹೊರಡುವ ಪ್ರತಿಯೊಬ್ಬರೂ ಕೇಳಬೇಕಾದ್ದು ಅದನ್ನೇ. ಇಲ್ಲಿ ಅಳೆಯುವ ಕೊಳಗ ಯಾರ ಕೈಯಲ್ಲಿದೆ?

ಇನ್ನು ಕೆಲಸಕ್ಕೆ ಬರೋಣ. ಜನರನ್ನು ಎಲ್ಲಿ ಮಾತಾಡಿಸಬೇಕು? ಹಗಲು ಹೊತ್ತು ಮನೆ ಬಾಗಿಲಿಗೆ ಹೋದರೆ ಯಾರೂ ಸಿಗಲ್ಲ, ಎಲ್ಲರೂ ತೋಟ ಗದ್ದೆಯಲ್ಲಿ ಇರುತ್ತಾರೆ. ಸಂಜೆ ಡೇರಿಗೆ ಹಾಲು ಹಾಕೋಕೆ ಬರುತ್ತಾರಲ್ಲ, ಆಗ ಹೋಗಿ. ಕ್ಯಾನ್ ಹಿಡಿದು ಸಾಲಿನಲ್ಲಿ ನಿಂತವರಿಗೆ ಹತ್ತು ನಿಮಿಷ ಪುರುಸೊತ್ತು ಇರುತ್ತೆ. ಮೊದಲ ದಿನ ಕೇಳೋದು ಬೇಡ, ಸುಮ್ನೆ ಪರಿಚಯ ಮಾಡಿಕೊಳ್ಳಿ. ಯಾರ ಮನೆ, ಯಾವ ಊರು ಅಂತ ಅವರೇ ಕೇಳುತ್ತಾರೆ, ನಾಚಿಕೊಳ್ಳದೆ ಹೇಳಿ. ಹಸು ಕೂಡ ಸಾಕಲಾಗದವರು ಡೇರಿಗೆ ಬರಲ್ಲ ಅನ್ನೋದು ನೆನಪಿರಲಿ. ಅವರನ್ನು ಹುಡುಕಿಕೊಂಡು ನೀವೇ ಹೋಗಬೇಕು.

ನಾನು ಹಾಗೆ ಹೋಗಿದ್ದು ಅಡಿಕೆ ಸುಲಿಯುವ ಕೊಟ್ಟಿಗೆಗೆ. ರಾತ್ರಿ ಒಂಬತ್ತಾಗಿತ್ತು. ಬಲ್ಬಿನ ಕೆಳಗೆ ಏಳೆಂಟು ಹೆಂಗಸರು ಮೆಟ್ಟುಗತ್ತಿ ಮುಂದೆ ಕೂತಿದ್ದರು, ಚೊಗರು ಹತ್ತಿ ಬೆರಳೆಲ್ಲ ಕಪ್ಪಾಗಿತ್ತು. ನನ್ನ ಕೈಯಲ್ಲಿ ಇಪ್ಪತ್ತೆರಡು ಪ್ರಶ್ನೆಗಳ ಹಾಳೆ. ಟಿವಿ ಇದೆಯಾ, ಶೌಚಾಲಯ ಇದೆಯಾ, ಗ್ಯಾಸ್ ಇದೆಯಾ ಅಂತ ಕೇಳುತ್ತಾ ಹೋದೆ. ಒಬ್ಬರು ಅಕ್ಕ ಕೈ ನಿಲ್ಲಿಸದೆ ಹೇಳಿದರು: "ತಮ್ಮಾ, ಕೂಲಿ ಡಬ್ಬದ ಲೆಕ್ಕ. ಅಂಚಿನ ಮಟ್ಟಕ್ಕೆ ಅಳೀಬೇಕು. ಇಲ್ಲಿ ಅಂಚಿನ ಮೇಲೆ ರಾಶಿ ಬರೋ ಹಾಗೆ ತಲೆ ಕಟ್ಟಿ ಅಳೀತಾರೆ. ಅದನ್ನ ಬರ್ಕೊ." ನನ್ನ ಹಾಳೆಯಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ಅವತ್ತಿನಿಂದ ನಾನು ಪ್ರಶ್ನೆ ಹಾಳೆ ಒಯ್ಯುವುದಿಲ್ಲ, ಖಾಲಿ ನೋಟ್‌ಬುಕ್ ಒಯ್ಯುತ್ತೇನೆ. ಮೊದಲು ಕೇಳೋದು ಒಂದೇ, "ನಿಮಗೆ ಬರಬೇಕಾದ್ದು ಎಲ್ಲಿ ಕಡಿಮೆಯಾಗ್ತಿದೆ?"

ಫೋಟೋ ವಿಷಯ. ಮೊದಲ ವರ್ಷ ನಾವು ಅಕ್ಕಿ, ಬೇಳೆ ಚೀಲ ಹಂಚಿ ಫೋಟೋ ತೆಗೆದೆವು. ಒಬ್ಬ ಅಜ್ಜಿ ಸೆರಗಿನಿಂದ ಮುಖ ಮುಚ್ಚಿಕೊಂಡರು. ನಾವು ಇನ್ನೊಂದು ಸಲ ತೆಗೆದೆವು. ಆ ತಪ್ಪು ನನಗೆ ಇವತ್ತಿಗೂ ನೋವು ಕೊಡುತ್ತೆ. ಕೊಡುವ ಕೈ, ತೆಗೆದುಕೊಳ್ಳುವ ಕೈ ಎರಡೂ ಕಾಣುವ ಫೋಟೋ ಬೇಡವೇ ಬೇಡ. ಯಾರದ್ದಾದರೂ ಮಾತನ್ನು ಹೊರಗೆ ಹೇಳಬೇಕಾದರೆ ಬರೆದದ್ದನ್ನು ಅವರಿಗೆ ಓದಿ ಹೇಳಿ, ಒಪ್ಪಿದರೆ ಮಾತ್ರ ಬಳಸಿ.

ಕೇಳಿದ್ದನ್ನು ಎಲ್ಲಿ ಇಡಬೇಕು? ಕಾನೂನು ಪ್ರಕಾರ ವಾರ್ಡ್ ಸಭೆ, ಗ್ರಾಮ ಸಭೆ ಎರಡೂ ಆರು ತಿಂಗಳಿಗೆ ಒಂದು ಸಲವಾದರೂ ನಡೆಯಲೇಬೇಕು. ಮನವಿಯನ್ನು ಎರಡು ಪ್ರತಿ ಬರೆಯಿರಿ. ಒಂದನ್ನು ಪಿಡಿಒಗೆ, ಅಂದರೆ ಪಂಚಾಯ್ತಿ ಅಭಿವೃದ್ಧಿ ಅಧಿಕಾರಿಗೆ ಕೊಡಿ, ಇನ್ನೊಂದರ ಮೇಲೆ ಸೀಲು, ಸಹಿ, ತಾರೀಕು ಹಾಕಿಸಿಕೊಂಡು ಬನ್ನಿ. ಸೀಲು ಇಲ್ಲದ ಮನವಿ ಕೊಟ್ಟರೂ ಒಂದೇ, ಬಿಟ್ಟರೂ ಒಂದೇ. ಉತ್ತರ ಬರದಿದ್ದರೆ ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ, 30 ದಿನದೊಳಗೆ ಉತ್ತರ ಕೊಡಬೇಕು. ಸಭೆಯಲ್ಲಿ ನೀವೇ ಎದ್ದು ಮಾತಾಡಬೇಡಿ. ಯಾರ ಕಷ್ಟವೋ ಅವರು ಮಾತಾಡಲಿ, ನೀವು ಪಕ್ಕದಲ್ಲಿ ಕೂತಿರಿ. ಅವರ ಜೊತೆ ನಾಲ್ಕು ಜನ ಇದ್ದಾರೆ ಅನ್ನೋದೇ ದೊಡ್ಡ ಧೈರ್ಯ.

ಅಂಕಿ ಹೇಳುವಾಗ ಹುಷಾರು. ವಿಶ್ವಬ್ಯಾಂಕ್ 2025ರ ಜೂನ್‌ನಲ್ಲಿ ಕಡುಬಡತನದ ಗೆರೆಯನ್ನು ದಿನಕ್ಕೆ 3 ಡಾಲರ್‌ಗೆ ಏರಿಸಿತು. ಆ ಲೆಕ್ಕದಲ್ಲಿ ಜಗತ್ತಿನಲ್ಲಿ ಸುಮಾರು 80 ಕೋಟಿ ಜನ ಗೆರೆಯ ಕೆಳಗಿದ್ದಾರೆ. ಇದನ್ನು ಇವತ್ತಿನ ಡಾಲರ್ ದರದಿಂದ ಗುಣಿಸಿ ರೂಪಾಯಿ ಹೇಳಬೇಡಿ. ಅದು ಆಯಾ ದೇಶದಲ್ಲಿ ದುಡ್ಡಿಗೆ ಎಷ್ಟು ಸಾಮಾನು ಬರುತ್ತೆ ಅನ್ನೋದರ ಮೇಲೆ ಹಾಕಿದ ಲೆಕ್ಕ, ಹಾಗಾಗಿ ನಮ್ಮಲ್ಲಿ ರೂಪಾಯಿ ಲೆಕ್ಕ ತುಂಬಾ ಕಡಿಮೆ ಬರುತ್ತೆ. ಗೆರೆ ಎಳೆಯೋದೂ ಒಂದು ಅಳತೆಯೇ ಅಲ್ವಾ?

ಕಾಲೇಜಿನಲ್ಲಿ ಎನ್‌ಎಸ್‌ಎಸ್ ಇದ್ದರೆ ಅದನ್ನೇ ಬಳಸಿಕೊಳ್ಳಿ. ವರ್ಷಕ್ಕೆ 120 ಗಂಟೆ ಕೆಲಸ, ಜೊತೆಗೆ ಏಳು ದಿನದ ಶಿಬಿರ ಹೇಗೂ ಇರುತ್ತೆ. ಗೋಡೆಗೆ ಸುಣ್ಣ ಹೊಡೆಯೋದರ ಜೊತೆಗೆ ಎರಡು ಸಂಜೆ ಮನೆ ಮನೆಗೆ ಹೋಗೋಣ ಅಂತ ಕಾರ್ಯಕ್ರಮಾಧಿಕಾರಿಯನ್ನು ಕೇಳಿ. ದುಡ್ಡು ಕೂಡಿಸಬೇಕಾಗಿ ಬಂದರೆ ಇಬ್ಬರ ಕೈಯಲ್ಲಿ ಲೆಕ್ಕ ಇರಲಿ, ಪ್ರತಿ ವಾರ ಅದನ್ನು ಎಲ್ಲರಿಗೂ ಓದಿ ಹೇಳಿ.

ಜಗತ್ತಿಗೂ ಇದಕ್ಕೂ ಏನು ಸಂಬಂಧ ಅಂತೀರಾ? 2030ರೊಳಗೆ ಬಡತನ ಕೊನೆ ಮಾಡುತ್ತೇವೆ ಅಂತ 2015ರಲ್ಲಿ ಎಲ್ಲ ದೇಶಗಳೂ ವಿಶ್ವಸಂಸ್ಥೆಯಲ್ಲಿ ಮಾತು ಕೊಟ್ಟವು, ನಮ್ಮ ದೇಶವೂ ಕೊಟ್ಟಿದೆ. ಕೊಟ್ಟ ಮಾತು ತಪ್ಪಬೇಡಿ ಅಂತ ಕೇಳೋಕೆ ದೇಶದಲ್ಲಿ 'ವಾದಾ ನ ತೋಡೋ' ಅಭಿಯಾನದಂಥ ಒಕ್ಕೂಟಗಳಿವೆ. ಅಂಥವರಿಗೆ ಘೋಷಣೆಗಿಂತ ಜಾಸ್ತಿ ಬೇಕಾಗಿರೋದು ಊರಿನಿಂದ ಬಂದ ತಾರೀಕು ಸಮೇತದ ಮಾತು. ನಿಮ್ಮ ನೋಟ್‌ಬುಕ್ಕಿನ ನಾಲ್ಕು ಪುಟ, ಸೀಲು ಬಿದ್ದ ಮನವಿಯ ಪ್ರತಿ ಅವರಿಗೂ ಕಳಿಸಿ, ನಿಮ್ಮ ಸಂಸದರಿಗೂ ಕಳಿಸಿ.

ಅಕ್ಟೋಬರ್ 18ಕ್ಕೆ ಮನೆಯಲ್ಲಿ ಕೂರಬೇಡಿ. ಪಂಚಾಯ್ತಿ ಬೋರ್ಡಿನಲ್ಲಿ ಮುಂದಿನ ವಾರ್ಡ್ ಸಭೆಯ ತಾರೀಕು ನೋಡಿಕೊಳ್ಳಿ. ಹಾಕಿಲ್ಲದಿದ್ದರೆ ಒಳಗೆ ಹೋಗಿ ಕೇಳಿ. ಸಭೆಯ ಹಿಂದಿನ ರಾತ್ರಿ ಸುಲಿಯುವ ಕೊಟ್ಟಿಗೆಗೆ ಹೋಗಿ ನೆನಪು ಮಾಡಿ, ಬೆಳಿಗ್ಗೆ ಎಷ್ಟು ಹೊತ್ತಿಗೆ ಜೊತೆಯಾಗಿ ಹೊರಡೋದು ಅಂತ ಅವರನ್ನೇ ಕೇಳಿಕೊಂಡು ಬನ್ನಿ.